ಲಿಯೊನಾರ್ಡೊ ದಾ ವಿಂಚಿಯ ಶರೀರ ವ್ಯಾಸಂಗ

ವರ್ಷಾರಂಭದಲ್ಲಿ ಪಾಠಗಳ ವೇಳಾಪಟ್ಟಿ ಸಿದ್ಧವಾಗುವ ದಿನಗಳಲ್ಲಿ ಪೋಷಕರಲ್ಲಿ ಕೆಲವರು ನನ್ನ ಕೊಠಡಿಗೆ ಬಂದು, ಚಿತ್ರಲೇಖನದ ಗಂಟೆಯನ್ನು ಬಿಟ್ಟು ಅದನ್ನು ವಿಜ್ಞಾನಕ್ಕೆ ಕೊಡಬಾರದೇ ಎಂದು ಕೇಳುವುದುಂಟು. ಮಗಳು ವೈದ್ಯಳಾಗಬೇಕಾದವಳು, ಹೂವು ಹಣ್ಣುಗಳ ಚಿತ್ರ ಬರೆದು ಆಕೆಗೆ ಆಗಬೇಕಾದುದೇನು ಎಂಬುದು ಅವರ ಮನಸ್ಸಿನ ಮಾತು. ಈ ಪ್ರಶ್ನೆಯು ಅಸಡ್ಡೆಯಿಂದ ಹುಟ್ಟಿದುದಲ್ಲ, ಮಕ್ಕಳ ಮೇಲಣ ಪ್ರೀತಿಯಿಂದ ಹುಟ್ಟಿದುದು. ಆದುದರಿಂದ ಬಾಗಿಲಲ್ಲಿ ನಿಂತು ಅವಸರದ ಉತ್ತರ ಹೇಳುವುದಕ್ಕಿಂತ, ಒಬ್ಬ ಮನುಷ್ಯನ ಜೀವಿತವನ್ನು ಈ ಸಂಚಿಕೆಯಲ್ಲಿ ವಿವರಿಸುವುದೇ ಮೇಲೆಂದು ನನಗೆ ತೋರಿತು. ಆತನನ್ನು ಲೋಕವು ಚಿತ್ರಕಾರನೆಂದು ಬಲ್ಲದು. ಆದರೆ ಮನುಷ್ಯನ ಎಲುಬು, ಸ್ನಾಯು, ಹೃದಯಗಳನ್ನು ಆತನಷ್ಟು ಸ್ಪಷ್ಟವಾಗಿ ಕಂಡವರು ಆತನ ಕಾಲದಲ್ಲಿ ಮತ್ತೊಬ್ಬರಿರಲಿಲ್ಲ. ಕಂಡದ್ದೆಲ್ಲವೂ ಆತನಿಗೆ ಸೀಸದ ಕಡ್ಡಿ ಮತ್ತು ಲೇಖನಿಯ ಮೂಲಕವೇ ದೊರಕಿತು.

ಲಿಯೊನಾರ್ಡೊ 1452ನೆಯ ಇಸವಿ ಏಪ್ರಿಲ್ 15ರಂದು ಇಟಲಿ ದೇಶದ ವಿಂಚಿ ಎಂಬ ಸಣ್ಣ ಊರಿನ ಬಳಿಯಲ್ಲಿ ಹುಟ್ಟಿದನು. ತಂದೆ ಪಿಯೆರೊ ಕರಾರುಪತ್ರಗಳನ್ನು ಬರೆಯುವ ನೋಟರಿ. ತಾಯಿ ಕತೆರೀನಾ ಬಡ ಹೆಣ್ಣು. ಅವರಿಬ್ಬರಿಗೂ ವಿವಾಹವಾಗಿರಲಿಲ್ಲ. ತಂದೆಯ ವೃತ್ತಿಗೆ ಸೇರುವ ಮಾರ್ಗವು ಇಂತಹ ಮಗುವಿಗೆ ಮುಚ್ಚಿತ್ತು. ಲತೀನು ಭಾಷೆಯನ್ನು ಕ್ರಮವಾಗಿ ಕಲಿಯುವ ಅವಕಾಶವೂ ಬಾಲಕನಿಗೆ ದೊರೆಯಲಿಲ್ಲ. ಆ ಕಾಲದಲ್ಲಿ ಲತೀನು ಬಾರದವನು ಪಂಡಿತರ ಸಾಲಿನಲ್ಲಿ ಕುಳಿತುಕೊಳ್ಳಲಾರನು. ಆತನು ಎಡಗೈಯವನು; ತನ್ನ ಟಿಪ್ಪಣಿಗಳನ್ನು ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಹಿಡಿದು ಓದಬೇಕಾದ ಅಕ್ಷರಗಳಲ್ಲಿ ಬರೆಯುವ ಅಭ್ಯಾಸವು ಆತನಿಗೆ ಕಡೆಯವರೆಗೂ ಇತ್ತು.

ತಂದೆಯು ಮಗನನ್ನು ಫ್ಲಾರೆನ್ಸ್ ಪಟ್ಟಣದ ಆಂದ್ರೆಯಾ ದೆಲ್ ವೆರೋಕ್ಕಿಯೊ ಎಂಬ ಶಿಲ್ಪಿಯ ಕಾರ್ಖಾನೆಗೆ ಶಿಷ್ಯನಾಗಿ ಸೇರಿಸಿದನು. ಅಲ್ಲಿ ಚಿತ್ರ ಬರೆಯುವುದು, ಮಣ್ಣಿನಲ್ಲಿ ಮೂರ್ತಿ ಮಾಡುವುದು, ಕಂಚನ್ನು ಎರಕ ಹೊಯ್ಯುವುದು ಎಲ್ಲವೂ ಒಂದೇ ಸೂರಿನ ಕೆಳಗೆ ನಡೆಯುತ್ತಿದ್ದವು. ಆ ನಾಡಿನ ಚಿತ್ರಕಾರರು ಮನುಷ್ಯನ ಆಕೃತಿಯನ್ನು ನಿಜವಾಗಿ ಬರೆಯಬೇಕಾದರೆ ಚರ್ಮದ ಕೆಳಗಣ ಸ್ನಾಯುಗಳನ್ನು ಅರಿತಿರಬೇಕೆಂದು ಆಗಲೇ ತಿಳಿದಿದ್ದರು. ತಿರುಗಿದ ಕುತ್ತಿಗೆ, ಎತ್ತಿದ ತೋಳು, ಭಾರ ಹೊತ್ತ ಕಾಲು, ಇವು ಹೊರಗೆ ಹೇಗೆ ಕಾಣುವವೆಂಬುದಕ್ಕೆ ಕಾರಣವು ಒಳಗೆ ಇದೆ. ಹೀಗೆ ಲಿಯೊನಾರ್ಡೊ ಮೊದಲು ಚಿತ್ರಕ್ಕಾಗಿ ಶರೀರವನ್ನು ನೋಡತೊಡಗಿದನು. ಕೆಲವು ವರ್ಷಗಳಲ್ಲಿ ಸಂಗತಿಯು ತಿರುವುಮುರುವಾಯಿತು; ಶರೀರವನ್ನು ಅರಿಯುವುದಕ್ಕಾಗಿ ಆತನು ಚಿತ್ರ ಬರೆಯತೊಡಗಿದನು.

ಅಂದಿನ ವೈದ್ಯಶಿಕ್ಷಣದ ಸ್ಥಿತಿಯನ್ನು ಇಲ್ಲಿ ಹೇಳದೆ ಹೋದರೆ ಆತನ ಕೆಲಸದ ಬೆಲೆ ತಿಳಿಯದು. ಮೃತ ಶರೀರವನ್ನು ಕೊಯ್ದು ನೋಡುವುದನ್ನು ಆ ಕಾಲದಲ್ಲಿ ಸಂಪೂರ್ಣವಾಗಿ ನಿಷೇಧಿಸಿದ್ದರೆಂದೂ ಲಿಯೊನಾರ್ಡೊ ಕಳ್ಳತನದಿಂದ ಶವಗಳನ್ನು ಪಡೆದನೆಂದೂ ಹೇಳುವ ಕಥೆಗಳು ಸತ್ಯವಲ್ಲ. ಇಟಲಿಯ ವಿದ್ಯಾಪೀಠಗಳಲ್ಲಿ ಶವಚ್ಛೇದನವು ನಡೆಯುತ್ತಲೇ ಇತ್ತು. ಆದರೆ ಆಚಾರ್ಯನು ಎತ್ತರದ ಪೀಠದಲ್ಲಿ ಕುಳಿತು ಪ್ರಾಚೀನ ಗ್ರಂಥವನ್ನು ಓದುವನು. ಕೆಳಗೆ ಮತ್ತೊಬ್ಬನು ಕತ್ತಿಯನ್ನು ಹಿಡಿದು ಕೊಯ್ಯುವನು. ವಿದ್ಯಾರ್ಥಿಗಳು ಸುತ್ತ ನಿಂತು ನೋಡುವರು. ಆ ಗ್ರಂಥಗಳಿಗೆ ಮೂಲಪುರುಷನು ಎರಡನೆಯ ಶತಮಾನದ ಗ್ರೀಕ್ ವೈದ್ಯನಾದ ಗೇಲನ್. ಆತನು ಮಹಾ ಪ್ರತಿಭಾಶಾಲಿಯೇ ಸರಿ. ಆದರೆ ಆತನು ಕೊಯ್ದು ನೋಡಿದವು ಬಹುಮಟ್ಟಿಗೆ ಕೋತಿ, ಹಂದಿ ಮೊದಲಾದ ಪ್ರಾಣಿಗಳನ್ನು. ಹೀಗಾಗಿ ಕೆಲವು ತಪ್ಪುಗಳು ಸಾವಿರಕ್ಕೂ ಹೆಚ್ಚು ವರ್ಷಗಳ ಕಾಲ ಗುರುವಿನಿಂದ ಶಿಷ್ಯನಿಗೆ ನಿರಾತಂಕವಾಗಿ ಇಳಿದು ಬಂದಿದ್ದವು. ಎದುರಿನಲ್ಲಿ ಮಲಗಿರುವ ಶರೀರವು ಗ್ರಂಥಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿದರೂ ನಂಬಿಕೆಯು ಗ್ರಂಥದ ಮೇಲೆಯೇ ಇತ್ತು.

1482ರ ಸುಮಾರಿಗೆ ಲಿಯೊನಾರ್ಡೊ ಮಿಲಾನ್ ಪಟ್ಟಣಕ್ಕೆ ಹೋಗಿ ಅಲ್ಲಿನ ಅಧಿಪತಿ ಲುಡೊವಿಕೊ ಸ್ಫೋರ್ಜಾನ ಆಶ್ರಯವನ್ನು ಪಡೆದನು. 1490ರ ದಶಕದ ಕೊನೆಯ ಭಾಗದಲ್ಲಿ ಕಡೇ ರಾತ್ರಿಯ ಭೋಜನದ ಪ್ರಖ್ಯಾತ ಚಿತ್ರವನ್ನು ಅಲ್ಲಿನ ಒಂದು ಸಂನ್ಯಾಸಿಮಠದ ಭೋಜನಶಾಲೆಯ ಗೋಡೆಯ ಮೇಲೆ ಬರೆದವನು ಆತನೇ. ಅದಕ್ಕೂ ಮುಂಚೆ, 1489ನೆಯ ಏಪ್ರಿಲ್ 2ರ ತಾರೀಖನ್ನು ಹಾಕಿ ಆತನು ಶರೀರವನ್ನು ಕುರಿತ ಒಂದು ಪುಸ್ತಕವನ್ನು ಆರಂಭಿಸಿದನು. ಆಗ ಆತನಿಗೆ ದೊರೆತಿದ್ದುದು ಮನುಷ್ಯನ ತಲೆಬುರುಡೆ. ಅದನ್ನು ಗರಗಸದಿಂದ ಉದ್ದಕ್ಕೂ ಅಡ್ಡಕ್ಕೂ ಕೊಯ್ದು, ಅರ್ಧವನ್ನು ಮುಚ್ಚಿಯೂ ಅರ್ಧವನ್ನು ತೆರೆದೂ ಒಂದೇ ಚಿತ್ರದಲ್ಲಿ ತೋರಿಸಿದನು. ಕೆನ್ನೆಯ ಎಲುಬಿನ ಹಿಂದೆ ಇರುವ ಪೊಳ್ಳು ಕುಹರವನ್ನು ಅದುವರೆಗೆ ಯಾರೂ ಅಷ್ಟು ಸ್ಪಷ್ಟವಾಗಿ ತೋರಿಸಿರಲಿಲ್ಲ. ಆ ಚಿತ್ರಗಳನ್ನು ಈಗಲೂ ವೈದ್ಯವಿದ್ಯಾರ್ಥಿಗಳ ಮುಂದೆ ಇಡಬಹುದು.

ಆದರೆ ಅದೇ ಕಾಲದ ಮತ್ತೊಂದು ಹಾಳೆಯು ಬೇರೊಂದು ಸಂಗತಿಯನ್ನು ಹೇಳುತ್ತದೆ. ಅದರಲ್ಲಿ ಆತನು ತಲೆಯ ಪದರಗಳನ್ನು ಕೊಯ್ದ ಈರುಳ್ಳಿಯ ಪದರಗಳಿಗೆ ಹೋಲಿಸಿ, ಪಕ್ಕದಲ್ಲಿ ಈರುಳ್ಳಿಯನ್ನೂ ಬರೆದಿದ್ದಾನೆ. ಮೆದುಳಿನೊಳಗೆ ಮೂರು ಗುಂಡಾದ ಕೋಣೆಗಳನ್ನು ಒಂದರ ಹಿಂದೆ ಒಂದಾಗಿ ಸಾಲಾಗಿ ತೋರಿಸಿದ್ದಾನೆ. ಮೆದುಳಿನಲ್ಲಿ ಅಂತಹ ಮೂರು ಕೋಣೆಗಳ ಸಾಲೇ ಇಲ್ಲ. ಅದು ಹಳೆಯ ಗ್ರಂಥಗಳಿಂದ ಬಂದ ಮಾತು. ಚಿತ್ರವು ಅಂದವಾಗಿದೆ, ಗೆರೆಯು ನಯವಾಗಿದೆ. ವಸ್ತುವು ಮಾತ್ರ ಸುಳ್ಳು. ಬುರುಡೆಯನ್ನು ಕಣ್ಣಾರೆ ಕಂಡು ಬರೆದನು, ಮೆದುಳನ್ನು ಕೇಳಿ ಬರೆದನು. ಕೈಚಳಕವೊಂದರಿಂದಲೇ ಸತ್ಯವು ದೊರೆಯದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಈ ತಪ್ಪನ್ನು ತಿದ್ದುವುದಕ್ಕೆ ಆತನಿಗೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ತಿದ್ದಿದ ರೀತಿಯಂತೂ ಬಹು ಸ್ವಾರಸ್ಯವಾಗಿದೆ. ಮೆದುಳು ಮೃದುವಾದ ವಸ್ತು. ಕೊಯ್ದೊಡನೆ ಒಳಗಣ ಕುಹರಗಳು ಕುಸಿದುಹೋಗುತ್ತವೆ. ಆಗ ಆತನಿಗೆ ಎರಕದ ವಿದ್ಯೆಯು ನೆನಪಿಗೆ ಬಂದಿರಬೇಕು. 1508ರ ಸುಮಾರಿಗೆ ಒಂದು ಎತ್ತಿನ ಮೆದುಳನ್ನು ತೆಗೆದುಕೊಂಡು, ಗಾಳಿಯು ಹೊರಟುಹೋಗಲು ರಂಧ್ರಗಳನ್ನು ಮಾಡಿ, ಕರಗಿದ ಮೇಣವನ್ನು ಪಿಚಕಾರಿಯಿಂದ ಒಳಕ್ಕೆ ತುಂಬಿದನು. ಮೇಣವು ಗಟ್ಟಿಯಾದ ಮೇಲೆ ಸುತ್ತಲಿನ ಮೆದುಳನ್ನು ಬಿಡಿಸಿ ತೆಗೆದಾಗ, ಯಾರೂ ಕಾಣದಿದ್ದ ಕುಹರದ ನಿಜವಾದ ಆಕೃತಿಯು ಅಂಗೈಯಲ್ಲಿ ನಿಂತಿತು. ಶಿಲ್ಪಿಯ ಕಾರ್ಖಾನೆಯಲ್ಲಿ ಕಲಿತದ್ದು ಶರೀರಶಾಸ್ತ್ರದ ಉಪಕರಣವಾಯಿತು. ಗುಂಡಾದ ಮೂರು ಕೋಣೆಗಳು ಆತನ ಹಾಳೆಗಳಿಂದ ಮಾಯವಾದವು.

ಇದಕ್ಕೆ ಸ್ವಲ್ಪ ಹಿಂದೆ, 1507ರಿಂದ 1508ರ ಚಳಿಗಾಲದಲ್ಲಿ, ಲಿಯೊನಾರ್ಡೊ ಫ್ಲಾರೆನ್ಸಿನ ಸಾಂತಾ ಮರಿಯಾ ನುವೋವಾ ಎಂಬ ಆಸ್ಪತ್ರೆಯಲ್ಲಿ ಒಬ್ಬ ವೃದ್ಧನ ಬಳಿ ಕುಳಿತು ಮಾತನಾಡುತ್ತಿದ್ದನು. ತನಗೆ ನೂರು ವರ್ಷ ದಾಟಿತೆಂದೂ ನಿಶ್ಶಕ್ತಿಯ ಹೊರತು ಬೇರೆ ಯಾವ ಬಾಧೆಯೂ ಇಲ್ಲವೆಂದೂ ಆ ವೃದ್ಧನು ಹೇಳಿದನು. ಸ್ವಲ್ಪ ಹೊತ್ತಿನಲ್ಲಿ, ಹಾಸಿಗೆಯ ಮೇಲೆ ಕುಳಿತಂತೆಯೇ, ಯಾವ ನರಳಾಟವೂ ಇಲ್ಲದೆ ಪ್ರಾಣ ಬಿಟ್ಟನು. ಇಷ್ಟು ಸೌಮ್ಯವಾದ ಮರಣಕ್ಕೆ ಕಾರಣವೇನೆಂದು ಅರಿಯಬೇಕೆಂಬ ಆಸೆಯಿಂದ ಲಿಯೊನಾರ್ಡೊ ಆ ದೇಹವನ್ನು ಪರೀಕ್ಷಿಸಿದನು. ಹೃದಯಕ್ಕೂ ಇತರ ಅಂಗಗಳಿಗೂ ರಕ್ತವನ್ನು ಒಯ್ಯುವ ನಾಳಗಳು ಗೋಡೆ ದಪ್ಪವಾಗಿ, ಒಳದಾರಿ ಕಿರಿದಾಗಿ, ಸೊಟ್ಟಸೊಟ್ಟಾಗಿದ್ದವು. ಯಕೃತ್ತು ಬಣ್ಣಗೆಟ್ಟು ಒಣಗಿತ್ತು. ಬಳಿಕ ಎರಡು ವರ್ಷದ ಒಂದು ಮಗುವಿನ ದೇಹವನ್ನು ನೋಡಿದಾಗ ಅದರ ನಾಳಗಳು ನೇರವಾಗಿಯೂ ತೆರೆದುಕೊಂಡೂ ಇದ್ದುದನ್ನು ಕಂಡು ಎರಡನ್ನೂ ಹೋಲಿಸಿದನು. ರಕ್ತನಾಳಗಳು ಮುಚ್ಚಿಕೊಳ್ಳುವ ರೋಗವನ್ನೂ ಯಕೃತ್ತು ಗಟ್ಟಿಯಾಗಿ ಸೊರಗುವ ರೋಗವನ್ನೂ ಅಷ್ಟು ನಿಖರವಾಗಿ ಬಣ್ಣಿಸಿದವರಲ್ಲಿ ಆತನೇ ಮೊದಲಿಗನೆಂದು ವೈದ್ಯಚರಿತ್ರೆಯನ್ನು ಬರೆದವರು ಒಪ್ಪುತ್ತಾರೆ. ತನ್ನೊಡನೆ ಈಗ ತಾನೇ ಮಾತನಾಡಿದ ಮನುಷ್ಯನ ದೇಹದ ಮುಂದೆ ಕತ್ತಿಯನ್ನೂ ಲೇಖನಿಯನ್ನೂ ಹಿಡಿದು ಕುಳಿತುಕೊಳ್ಳುವುದು ಕಠಿನ ಹೃದಯದ ಕೆಲಸವೆಂದು ಕೆಲವರಿಗೆ ತೋರಬಹುದು. ಆತನ ಬರಹದಲ್ಲಿ ಕಾಣುವುದು ಕಾಠಿನ್ಯವಲ್ಲ. ಆ ವೃದ್ಧನ ಶಾಂತಿಯನ್ನು ಕುರಿತ ಆಶ್ಚರ್ಯ.

ಈ ಕೆಲಸವು ಸುಲಭದ್ದೆಂದು ಯಾರೂ ಭಾವಿಸಬಾರದು. ದೇಹವನ್ನು ಕೆಡದಂತೆ ಇಡುವ ಔಷಧಗಳು ಆಗ ಇರಲಿಲ್ಲವಾದುದರಿಂದ ಚಳಿಗಾಲದಲ್ಲಿಯೇ ದುಡಿಯಬೇಕಾಗಿತ್ತು. ಒಂದು ದೇಹವು ಕೆಡುವುದರೊಳಗೆ ನೋಡಬೇಕಾದುದೆಲ್ಲ ಮುಗಿಯದೆ, ಹಲವು ದೇಹಗಳಲ್ಲಿ ಕಂಡುದನ್ನು ಕೂಡಿಸಿ ಒಂದು ಚಿತ್ರವನ್ನು ಮಾಡಬೇಕಾಗಿತ್ತು. ಇದಕ್ಕೆ ಆಸಕ್ತಿಯಿದ್ದರೆ ಸಾಲದು, ಹೇಸಿಗೆಯನ್ನು ಗೆಲ್ಲಬೇಕು. ಹೇಸಿಗೆಯನ್ನು ಗೆದ್ದರೂ ರಾತ್ರಿಯಲ್ಲಿ ಶವಗಳ ನಡುವೆ ಇರುವ ಭಯವನ್ನು ಗೆಲ್ಲಬೇಕು. ಅದನ್ನು ಗೆದ್ದರೂ ಚಿತ್ರಕಲೆ, ರೇಖಾಗಣಿತ ಮತ್ತು ತಾಳ್ಮೆ ಇವು ಇಲ್ಲದಿದ್ದರೆ ಫಲವಿಲ್ಲವೆಂಬ ಅರ್ಥದಲ್ಲಿ ಆತನು ತನ್ನ ಅನುಭವವನ್ನು ಬರೆದಿಟ್ಟಿದ್ದಾನೆ.

ಚಿತ್ರವು ಆತನಿಗೆ ಏನನ್ನು ಸಾಧಿಸಿಕೊಟ್ಟಿತೆಂಬುದನ್ನು ಈಗ ನೋಡೋಣ. ಒಂದು ಭುಜವನ್ನು ಮಾತಿನಲ್ಲಿ ವರ್ಣಿಸಹೊರಟರೆ ಪುಟಗಳು ತುಂಬಿದರೂ ಓದುವವನ ಕಣ್ಣಿಗೆ ಭುಜವು ಕಟ್ಟದು. ಲಿಯೊನಾರ್ಡೊ ಅದೇ ಭುಜವನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ, ಹೀಗೆ ಸುತ್ತಿ ಬಂದು ನೋಡಿದಂತೆ ಸಾಲಾಗಿ ಬರೆದನು. ಎಲುಬುಗಳ ಕೀಲನ್ನು ತೋರಿಸಬೇಕಾದಾಗ ಅವುಗಳನ್ನು ಸ್ವಲ್ಪ ದೂರ ಸರಿಸಿ, ಯಾವುದು ಯಾವುದರೊಳಗೆ ಕೂಡುವುದೆಂದು ತಿಳಿಯುವಂತೆ ಬರೆದನು. ಮೇಲಣ ಸ್ನಾಯುಗಳು ಕೆಳಗಿನವುಗಳನ್ನು ಮರೆಮಾಡಿದಲ್ಲಿ ಅವುಗಳಿಗೆ ಬದಲಾಗಿ ತೆಳುವಾದ ಹುರಿಗಳನ್ನು ಎಳೆದು, ಎಳೆತವು ಯಾವ ದಿಕ್ಕಿನಲ್ಲಿ ನಡೆಯುತ್ತದೆಂಬುದನ್ನು ತೋರಿಸಿದನು. ಹೀಗೆ ಬರೆಯುವಾಗ ಪ್ರತಿ ಹುರಿಗೂ ಒಂದು ಆರಂಭ, ಒಂದು ಕೊನೆ ಬೇಕು. ಎಲ್ಲಿ ಅಂಟಿಕೊಂಡಿದೆಯೆಂದು ತಿಳಿಯದಿದ್ದರೆ ಲೇಖನಿಯು ಅಲ್ಲಿಯೇ ನಿಲ್ಲುತ್ತದೆ. ನಿಂತೊಡನೆ ಮತ್ತೆ ಹೋಗಿ ನೋಡಬೇಕಾಗುತ್ತದೆ. ಬಾಯಿಪಾಠದಲ್ಲಿ ಅಜ್ಞಾನವನ್ನು ಮರೆಮಾಡಬಹುದು. ಎದುರಿನ ವಸ್ತುವನ್ನು ನೋಡಿ ಬರೆಯುವ ಚಿತ್ರದಲ್ಲಿ ಅದು ಕಷ್ಟ.

ಒಂದು ಸಣ್ಣ ಉದಾಹರಣೆಯನ್ನು ಓದುಗರು ತಾವೇ ಪರೀಕ್ಷಿಸಿ ನೋಡಬಹುದು. ಬಲಗೈಯ ಮೊಣಕೈಯನ್ನು ಮಡಿಸಿ, ತೋಳಿನ ಮುಂಭಾಗದ ಸ್ನಾಯುವಿನ ಮೇಲೆ ಎಡಗೈಯನ್ನು ಇಟ್ಟುಕೊಂಡು, ಕೆಳಮುಖವಾದ ಅಂಗೈಯನ್ನು ಬಲವಾಗಿ ಮೇಲ್ಮುಖಕ್ಕೆ ತಿರುಗಿಸಿರಿ. ಆ ಸ್ನಾಯುವು ಗಟ್ಟಿಯಾಗುವುದು ಕೈಗೆ ತಿಳಿಯುತ್ತದೆ. ಅದು ಮೊಣಕೈಯನ್ನು ಮಡಿಸುವುದಷ್ಟೇ ಅಲ್ಲದೆ ಅಂಗೈಯನ್ನು ತಿರುಗಿಸುವ ಕೆಲಸವನ್ನೂ ಮಾಡುತ್ತದೆಂಬುದನ್ನು ಲಿಯೊನಾರ್ಡೊ ಮುಂಗೈಯ ಎರಡು ಎಲುಬುಗಳನ್ನು ಹಲವು ಭಂಗಿಗಳಲ್ಲಿ ಬರೆದು ಕಂಡುಕೊಂಡನು.

1510ರ ಚಳಿಗಾಲವು ಆತನ ಶರೀರ ವ್ಯಾಸಂಗದ ಶಿಖರ. ಪಾವಿಯಾ ವಿದ್ಯಾಪೀಠದಲ್ಲಿ ಶರೀರಶಾಸ್ತ್ರವನ್ನು ಬೋಧಿಸುತ್ತಿದ್ದ ಮಾರ್ಕಾಂತೋನಿಯೊ ದೆಲ್ಲಾ ತೊರ್ರೆ ಎಂಬ ತರುಣ ಆಚಾರ್ಯನ ಸ್ನೇಹವು ಆತನಿಗೆ ದೊರೆಯಿತು. ಆ ಚಳಿಗಾಲದಲ್ಲಿ ಆತನು 18 ಹಾಳೆಗಳ ಎರಡು ಬದಿಗಳಲ್ಲಿಯೂ ಸುಮಾರು 240 ಚಿತ್ರಗಳನ್ನು ಬರೆದು, ಅವುಗಳ ಸುತ್ತ 13,000ಕ್ಕೂ ಮಿಕ್ಕಿದ ಮಾತುಗಳ ಟಿಪ್ಪಣಿಯನ್ನು ಕಿಕ್ಕಿರಿದು ತುಂಬಿದನು. ಬೆನ್ನೆಲುಬಿನ ಸಹಜವಾದ ಬಾಗುಗಳು ಮೊದಲ ಬಾರಿಗೆ ಸರಿಯಾಗಿ ಚಿತ್ರಿತವಾದುದು ಅಲ್ಲಿಯೇ. ಶರೀರಶಾಸ್ತ್ರವೆಲ್ಲವನ್ನೂ ಆ ಚಳಿಗಾಲದಲ್ಲಿಯೇ ಮುಗಿಸುವ ಭರವಸೆಯನ್ನು ಆತನು ಒಂದು ಹಾಳೆಯಲ್ಲಿ ಗುರುತಿಸಿಕೊಂಡಿದ್ದನು. ಆದರೆ ಮನುಷ್ಯನ ಎಣಿಕೆಯೊಂದು, ನಡೆಯುವುದೊಂದು. 1511ರಲ್ಲಿ ಮಾರ್ಕಾಂತೋನಿಯೊ ಮಹಾಮಾರಿಗೆ ತುತ್ತಾದನು. ಮಿಲಾನ್ ಪಟ್ಟಣವು ಯುದ್ಧದ ಗೊಂದಲಕ್ಕೆ ಸಿಕ್ಕಿತು. ಲಿಯೊನಾರ್ಡೊ ತನ್ನ ಶಿಷ್ಯ ಫ್ರಾಂಚೆಸ್ಕೊ ಮೆಲ್ಸಿಯ ಹಳ್ಳಿಮನೆಗೆ ಹೋಗಿ ನೆಲಸಬೇಕಾಯಿತು.

ಅಲ್ಲಿ ಮನುಷ್ಯ ದೇಹಗಳು ದೊರೆಯದಿದ್ದಾಗ ಆತನು ಎತ್ತಿನ ಹೃದಯವನ್ನು ತೆಗೆದುಕೊಂಡು ಕುಳಿತನು. ಹೃದಯವು ಒಂದು ಸ್ನಾಯುವೇ ಎಂದೂ ಅದಕ್ಕೆ ನಾಲ್ಕು ಕೋಣೆಗಳುಂಟೆಂದೂ ನಿಶ್ಚಯಿಸಿದನು. ಹೃದಯದಿಂದ ಮಹಾಪಧಮನಿಗೆ ರಕ್ತವು ಹೊರಡುವ ಸ್ಥಳದಲ್ಲಿ ಮೂರು ಪುಟ್ಟ ರೆಕ್ಕೆಗಳ ಕವಾಟವಿದೆ. ಅದು ರಕ್ತವನ್ನು ಮುಂದಕ್ಕೆ ಬಿಟ್ಟು ಮರಳಿ ಬರದಂತೆ ಹೇಗೆ ಮುಚ್ಚಿಕೊಳ್ಳುತ್ತದೆ? ಈ ಪ್ರಶ್ನೆಗಾಗಿ ಆತನು ಮತ್ತೆ ಮೇಣದ ಅಚ್ಚಿನ ಉಪಾಯವನ್ನು ಹಿಡಿದು, ಅದರಿಂದ ಗಾಜಿನ ಮಾದರಿಯನ್ನು ಮಾಡಿ, ಹುಲ್ಲಿನ ಬೀಜಗಳನ್ನು ಬೆರೆಸಿದ ನೀರನ್ನು ಅದರೊಳಗೆ ಹಾಯಿಸಿ ನೋಡುವ ಕ್ರಮವನ್ನು ಬರೆದಿಟ್ಟನು. ಹೊಳೆಯ ನೀರಿನ ಸುಳಿಗಳನ್ನು ಚಿತ್ರಕಾರನಾಗಿ ವರ್ಷಗಟ್ಟಲೆ ಬರೆದವನಿಗೆ, ಕವಾಟದ ಹಿಂದೆ ರಕ್ತವೂ ಸುಳಿಯಾಗಿ ತಿರುಗಿ ರೆಕ್ಕೆಗಳನ್ನು ಮುಚ್ಚಲು ನೆರವಾಗುತ್ತದೆಂದು ಹೊಳೆಯಿತು. ಆ ಮಾತು ನಿಜವೆಂದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿಜ್ಞಾನಿಗಳು ಪ್ರಯೋಗಗಳಿಂದ ತೋರಿಸಿದರು.

ಇಷ್ಟಾದರೂ ಆತನನ್ನು ತಪ್ಪಿಲ್ಲದವನೆಂದು ಹೇಳುವುದು ಸತ್ಯವಾಗದು. ಹೃದಯದ ನಡುಗೋಡೆಯಲ್ಲಿ ಸೂಕ್ಷ್ಮ ರಂಧ್ರಗಳುಂಟೆಂಬ ಗೇಲನನ ಮಾತನ್ನು ಆತನು ಬಿಡಲಾರದೆ ಹೋದನು. ಇಲ್ಲದ ರಂಧ್ರಗಳನ್ನು ಬರೆದೂ ಇಟ್ಟನು. ರಕ್ತವು ದೇಹವನ್ನೆಲ್ಲ ಸುತ್ತಿ ಹೃದಯಕ್ಕೆ ಮರಳುವುದೆಂಬ ಸಂಗತಿಯು ಆತನ ಕೈಗೆ ಸಿಕ್ಕಲಿಲ್ಲ. ಅದನ್ನು 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವಿ ಪ್ರಕಟಿಸಿದನು. ತಾಯಿಯ ಗರ್ಭದಲ್ಲಿ ಮುದುಡಿ ಮಲಗಿರುವ ಶಿಶುವಿನ ಚಿತ್ರವು ಆತನ ಹಾಳೆಗಳಲ್ಲಿ ಅತ್ಯಂತ ಮನೋಹರವಾದವುಗಳಲ್ಲಿ ಒಂದು. ಅದನ್ನು ನೋಡಿದ ತಾಯಂದಿರು ಕಣ್ಣು ತೆಗೆಯಲಾರರು. ಆದರೆ ಶಿಶುವಿನ ಸುತ್ತ ಆತನು ತೋರಿಸಿದ ಮಾಸು ಹಸುವಿನದು, ಮನುಷ್ಯರದಲ್ಲ. ಬಸುರಾದ ಹಸುವಿನ ಗರ್ಭಕೋಶದಲ್ಲಿ ಕಂಡುದನ್ನು ಹೆಂಗಸಿನ ಗರ್ಭದೊಳಗೆ ಇಟ್ಟುಬಿಟ್ಟನು. ನೋಡಿದಲ್ಲಿ ಗೆದ್ದನು, ನೋಡದಲ್ಲಿ ಊಹಿಸಿ ಸೋತನು.

1513ರಲ್ಲಿ ಲಿಯೊನಾರ್ಡೊ ರೋಮಿಗೆ ಹೋದನು. ಅಲ್ಲಿನ ಆಸ್ಪತ್ರೆಯಲ್ಲಿ ತನ್ನ ಪರೀಕ್ಷೆಗಳನ್ನು ಮುಂದುವರಿಸುತ್ತಿದ್ದಾಗ, ಆತನೊಡನೆ ವೈಮನಸ್ಯವಿದ್ದ ಕನ್ನಡಿ ಕೆಲಸದವನೊಬ್ಬನು ಅಧಿಕಾರಿಗಳಿಗೂ ಪೋಪ್ ಹತ್ತನೆಯ ಲಿಯೋವಿಗೂ ದೂರಿತ್ತನು. ಶವಚ್ಛೇದನವು ಅಲ್ಲಿಗೆ ನಿಂತಿತು. 1516ರಲ್ಲಿ ಫ್ರಾನ್ಸಿನ ಅರಸು ಒಂದನೆಯ ಫ್ರಾನ್ಸಿಸ್ ಆತನನ್ನು ಕರೆಯಿಸಿಕೊಂಡು ಅಂಬ್ವಾಜ್ ಎಂಬ ಊರಿನಲ್ಲಿ ಮನೆಯನ್ನೂ ವೇತನವನ್ನೂ ಕೊಟ್ಟನು. ಮರುವರ್ಷ ಅಕ್ಟೋಬರ್ ತಿಂಗಳಲ್ಲಿ ಒಬ್ಬ ಕಾರ್ಡಿನಲನು ಆತನನ್ನು ಕಾಣಲು ಬಂದಾಗ, ಜೊತೆಯಲ್ಲಿದ್ದ ಕಾರ್ಯದರ್ಶಿಯು ಆ ಭೇಟಿಯನ್ನು ದಿನಚರಿಯಲ್ಲಿ ಬರೆದಿಟ್ಟನು. ಬಲಗೈಗೆ ಲಕ್ವ ಹೊಡೆದಿದ್ದ ಆ ವೃದ್ಧ ಚಿತ್ರಕಾರನು ತನ್ನ ಶರೀರಶಾಸ್ತ್ರದ ಹಾಳೆಗಳನ್ನು ಅತಿಥಿಗಳಿಗೆ ತೋರಿಸಿ, ಗಂಡು ಹೆಣ್ಣೆನ್ನದೆ ಎಲ್ಲ ವಯಸ್ಸಿನ 30ಕ್ಕೂ ಹೆಚ್ಚು ದೇಹಗಳನ್ನು ತಾನು ಪರೀಕ್ಷಿಸಿರುವುದಾಗಿ ತಿಳಿಸಿದನಂತೆ. 1519ನೆಯ ಮೇ 2ರಂದು, ಅರುವತ್ತೇಳನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು. ಪುಸ್ತಕವು ಮುಗಿದಿರಲಿಲ್ಲ.

ಹಾಳೆಗಳೆಲ್ಲವೂ ಶಿಷ್ಯ ಮೆಲ್ಸಿಯ ಪಾಲಿಗೆ ಬಂದವು. ಆತನು ಬದುಕಿರುವ ತನಕ ಅವುಗಳನ್ನು ಕಣ್ಣಿನಂತೆ ಕಾಪಾಡಿದನು. ಚಿತ್ರಕಲೆಗೆ ಸಂಬಂಧಿಸಿದ ಟಿಪ್ಪಣಿಗಳನ್ನು ಆತನು ಒಟ್ಟುಗೂಡಿಸಿದನು. ಅವು 1651ರಲ್ಲಿ ಪ್ಯಾರಿಸಿನಲ್ಲಿ ಅಚ್ಚಾದವು. ಶರೀರಶಾಸ್ತ್ರದ ಹಾಳೆಗಳು ಮಾತ್ರ ಕೈಯಿಂದ ಕೈಗೆ ಹೋಗಿ, ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಅರಸರ ಸಂಗ್ರಹವನ್ನು ಸೇರಿ ಅಲ್ಲಿಯೇ ಮರೆಯಾಗಿ ಉಳಿದವು. ಅಷ್ಟರಲ್ಲಿ, 1543ರಲ್ಲಿ, ಪಾದುವಾ ವಿದ್ಯಾಪೀಠದ ಇಪ್ಪತ್ತೆಂಟು ವರ್ಷದ ಆಚಾರ್ಯ ಆಂದ್ರೆಯಾಸ್ ವೆಸಾಲಿಯಸನು ಮನುಷ್ಯ ಶರೀರದ ರಚನೆಯನ್ನು ಕುರಿತ ಮಹಾಗ್ರಂಥವನ್ನು ಬಾಸೆಲ್ ಪಟ್ಟಣದಲ್ಲಿ ಅಚ್ಚು ಹಾಕಿಸಿದ್ದನು. ಮುಂದೆ 1834ರಲ್ಲಿ ಮಂಗಳೂರಿಗೆ ಬಂದ ಮಿಶನಿನ ಮೂಲಕ ಆ ಪಟ್ಟಣದ ಹೆಸರು ನಮ್ಮ ಕರಾವಳಿಯಲ್ಲಿ ಮನೆಮಾತಾಗಿದೆ. ವೆಸಾಲಿಯಸನ ಗ್ರಂಥವೂ ಚಿತ್ರಗಳಿಂದಲೇ ಪ್ರಸಿದ್ಧವಾಯಿತು. ಆದರೆ ಅದು ಅಚ್ಚಾಗಿ ವೈದ್ಯರ ಕೈಸೇರಿತು. ಗೇಲನನ ತಪ್ಪುಗಳನ್ನು ತಿದ್ದಿದ ಕೀರ್ತಿಯೂ, ಅದಕ್ಕಿಂತ ಮಿಗಿಲಾಗಿ ಪ್ರಯೋಜನವೂ, ಅದರದಾಯಿತು. ಲಿಯೊನಾರ್ಡೊವಿನ ಹಾಳೆಗಳನ್ನು ಹದಿನೆಂಟನೆಯ ಶತಮಾನದಲ್ಲಿ ಪ್ರಸಿದ್ಧ ವೈದ್ಯ ವಿಲಿಯಂ ಹಂಟರನು ಕಂಡು ಬೆರಗಾದನು. ಅವು ಪೂರ್ಣವಾಗಿ ಅಚ್ಚಾದುದು 1898ರಿಂದ 1916ರೊಳಗೆ, ಆತನು ಸತ್ತು ನಾನೂರು ವರ್ಷ ತುಂಬುವ ಹೊತ್ತಿಗೆ. ಅಷ್ಟರಲ್ಲಿ ಅವುಗಳಲ್ಲಿದ್ದ ಬಹುಪಾಲು ಸಂಗತಿಗಳನ್ನು ಬೇರೆಯವರು ಬೇರೆ ಬೇರೆಯಾಗಿ ಮತ್ತೊಮ್ಮೆ ಕಂಡುಹಿಡಿಯಬೇಕಾಗಿ ಬಂದಿತ್ತು. ಈಗ ಆ ಹಾಳೆಗಳು ವಿಂಡ್ಸರ್ ಅರಮನೆಯಲ್ಲಿವೆ.

ಕೊಳಗದ ಕೆಳಗೆ ಇಟ್ಟ ದೀಪವು ಉರಿಯದೆ ಇರಲಿಲ್ಲ. ಯಾರಿಗೂ ಬೆಳಕು ಕೊಡಲಿಲ್ಲವಷ್ಟೆ. ಈ ಜೀವಿತದಲ್ಲಿ ನನ್ನನ್ನು ಹೆಚ್ಚಾಗಿ ನೋಯಿಸುವುದು ಇದೇ. ಮುಗಿಸದೆ ಬಿಟ್ಟ ಕೆಲಸ, ಹಂಚಿಕೊಳ್ಳದೆ ಉಳಿದ ವಿದ್ಯೆ, ಇವು ಎಷ್ಟು ದೊಡ್ಡವನದಾದರೂ ನಷ್ಟವು ಎಲ್ಲರದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರಾಗಿಯೂ ವೈದ್ಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ದುಡಿಯುತ್ತಿರುವವರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

ಇನ್ನು ಪೋಷಕರ ಪ್ರಶ್ನೆಗೆ ಬರುತ್ತೇನೆ. ನಮ್ಮ ಮಕ್ಕಳು ದಾಸವಾಳದ ಹೂವನ್ನು ಕೊಯ್ದು ಮೇಜಿನ ಮೇಲಿಟ್ಟುಕೊಂಡು ಬರೆಯುವಾಗ, ಅವರಲ್ಲಿ ಚಿತ್ರಕಾರರಾಗುವವರು ನೂರಕ್ಕೊಬ್ಬರೂ ಇರಲಾರರು. ಆದರೆ ಕೇಸರಗಳು ಎಲ್ಲಿಂದ ಹೊರಡುತ್ತವೆಂದು ತಿಳಿಯದೆ ಸೀಸದ ಕಡ್ಡಿಯು ನಿಂತಾಗ, ಪಕ್ಕದವಳ ಹಾಳೆಯನ್ನು ನೋಡದೆ ಹೂವನ್ನೇ ಮತ್ತೊಮ್ಮೆ ನೋಡುವ ಹುಡುಗಿಯೊಬ್ಬಳು ಪ್ರತಿ ತರಗತಿಯಲ್ಲಿಯೂ ಇರುತ್ತಾಳೆ. ಮುಂದೆ ಆಕೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತಾಗ, ಪುಸ್ತಕವು ಹೇಳಿದ್ದಕ್ಕಿಂತ ಮುಂಚೆ ರೋಗಿಯನ್ನು ನೋಡುವಳೆಂದು ನನಗೆ ಭರವಸೆಯುಂಟು. ಆ ಒಂದು ಗಂಟೆಯನ್ನು ವೇಳಾಪಟ್ಟಿಯಿಂದ ತೆಗೆಯುವ ಮನಸ್ಸು ನನಗಾಗದಿರುವುದು ಅದಕ್ಕಾಗಿ.